ಫೀಸು ಕಟ್ಟುವ ದಿನ

ಸಿಇಟಿ ಸೀಟು ಹಂಚಿಕೆ ಶುರುವಾಯಿತೆಂದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಯಾವ ಕಾಲೇಜು ಎನ್ನುವ ಮಾತಿಗಿಂತ ಮೊದಲು ದುಡ್ಡು ಎಲ್ಲಿಂದ ತರುವುದು ಎನ್ನುವ ಮಾತು ಬರುತ್ತದೆ. ತಿಪಟೂರು ತಾಲ್ಲೂಕಿನ ಒಂದು ತೋಟದ ಮನೆಯಲ್ಲಿ ಹೀಗೆ ವಾದಕ್ಕೆ ಕೂತವರು ಇಬ್ಬರು. ಒಬ್ಬರು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬಳು ಅವರ ತಂಗಿಯ ಮಗಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಾ ತನ್ನ ಶಿಕ್ಷಣ ಸಾಲದ ಕಂತು ತಾನೇ ಕಟ್ಟುತ್ತಿರುವವಳು. ಅವಳ ತಮ್ಮನಿಗೆ ಎಂಜಿನಿಯರಿಂಗ್‌ನಲ್ಲಿ ನಡುವಿನ ರ್‍ಯಾಂಕು ಬಂದಿದೆ. ಹಾಸನದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಸಿಗಬಹುದು. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದಡಿ ಕಂಪ್ಯೂಟರ್ ಸೈನ್ಸ್ ಸಿಗಬಹುದು. ಮೊದಲನೆಯದಕ್ಕೆ ವರ್ಷಕ್ಕೆ ನಲವತ್ತು ಸಾವಿರದ ಆಚೀಚೆ ಶುಲ್ಕ, ಎರಡನೆಯದಕ್ಕೆ ಲಕ್ಷದ ಮೇಲೆ. ಪಿ.ಜಿ. ಬಾಡಿಗೆ, ಊಟ, ಪುಸ್ತಕ ಸೇರಿಸಿ ನಾಲ್ಕು ವರ್ಷಕ್ಕೆ ಏಳೂವರೆ ಲಕ್ಷ ಸಾಲ ಬೇಕು ಎಂದು ಹುಡುಗಿ ಲೆಕ್ಕ ಹಾಕಿದ್ದಳು.

ಮೇಷ್ಟ್ರು: ಹದಿನೆಂಟು ತುಂಬದ ಹುಡುಗನ ತಲೆ ಮೇಲೆ ಏಳೂವರೆ ಲಕ್ಷ. ಅವನಿನ್ನೂ ಒಂದು ರೂಪಾಯಿ ದುಡಿದಿಲ್ಲ. ಇದು ಸರಿ ಅನ್ನಿಸುತ್ತಾ ನಿಂಗೆ?

ಹುಡುಗಿ: ಅವನ ತಲೆ ಮೇಲಲ್ಲದೆ ಇನ್ಯಾರ ತಲೆ ಮೇಲೆ ಹಾಕೋಣ ಮಾವ? ಅಪ್ಪನ ಮೇಲಾ? 2023ರಲ್ಲಿ ಕೊಬ್ಬರಿ ಬೆಲೆ ಬಿದ್ದಾಗ ಏನಾಯ್ತು ಅಂತ ನೋಡಿದ್ದೀರಲ್ಲ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750, ಮಂಡಿಯಲ್ಲಿ ಅದಕ್ಕಿಂತ ಎಷ್ಟೋ ಕಮ್ಮಿ. ಆ ವರ್ಷ ನಮ್ಮನೇಲಿ ಯಾರಾದ್ರೂ ಕಾಲೇಜು ಸೇರಬೇಕಿದ್ದಿದ್ರೆ ತೋಟ ಅಡ ಇಡಬೇಕಾಗ್ತಿತ್ತು. ಬ್ಯಾಂಕಿನ ಶಿಕ್ಷಣ ಸಾಲ ಅಪ್ಪನ ಫಸಲು ನೋಡಲ್ಲ, ಹುಡುಗನ ನಾಳೆ ನೋಡುತ್ತೆ.

ಮೇಷ್ಟ್ರು: ನಾಳೆ ನೋಡುತ್ತೋ ಇಲ್ವೋ, ಕಂತಂತೂ ಬಿಡದೆ ನೋಡುತ್ತೆ. ನೀನೇ ಲೆಕ್ಕ ಮಾಡಿ ಹೇಳು. ಶೇಕಡಾ ಹತ್ತು ಬಡ್ಡಿ ಅಂತಿಟ್ಕೋ. ನಾಲ್ಕು ವರ್ಷ ಓದು, ಆಮೇಲೆ ಒಂದು ವರ್ಷ ಬಿಡುವು. ಅಷ್ಟು ಹೊತ್ತಿಗೆ ಸಾಲ ಎಷ್ಟಾಗಿರುತ್ತೆ?

ಹುಡುಗಿ: ವರ್ಷಾ ವರ್ಷಾ ಸಮ ಪಾಲಾಗಿ ದುಡ್ಡು ತಗೊಂಡ್ರೆ ಆ ಐದು ವರ್ಷಕ್ಕೆ ಸರಳ ಬಡ್ಡಿ ಎರಡು ಲಕ್ಷ ಅರವತ್ತು ಸಾವಿರದ ಹತ್ತಿರ. ಅದು ಅಸಲಿಗೆ ಸೇರಿ ಹತ್ತು ಲಕ್ಷದ ಮೇಲಾಗುತ್ತೆ. ಹತ್ತು ವರ್ಷದಲ್ಲಿ ತೀರಿಸೋದಾದ್ರೆ ತಿಂಗಳಿಗೆ 13,000ಕ್ಕೂ ಮೇಲೆ. ಹದಿನೈದು ವರ್ಷಕ್ಕೆ ಎಳೆದ್ರೆ 11,000ದ ಹತ್ತಿರ.

ಮೇಷ್ಟ್ರು: ಹದಿನೈದು ವರ್ಷಕ್ಕೆ ಒಟ್ಟು ಕಟ್ಟೋದು?

ಹುಡುಗಿ: ಹತ್ತೊಂಬತ್ತೂವರೆ ಲಕ್ಷ.

ಮೇಷ್ಟ್ರು: ತಗೊಂಡಿದ್ದು ಏಳೂವರೆ, ಕಟ್ಟಿದ್ದು ಹತ್ತೊಂಬತ್ತೂವರೆ. ಹೊಸದಾಗಿ ಸೇರಿದವನಿಗೆ ನಿಮ್ಮ ಕಂಪನಿಗಳು ವರ್ಷಕ್ಕೆ ಮೂರೂವರೆ ಲಕ್ಷ ಕೊಡ್ತವೆ ಅಂತ ನೀನೇ ಹೇಳಿದ್ದೆ. ಕೈಗೆ ಬರೋದು ತಿಂಗಳಿಗೆ ಇಪ್ಪತ್ತೈದು ಸಾವಿರದ ಸುತ್ತ. ಬೆಂಗಳೂರಲ್ಲಿ ಮಲಗೋ ಜಾಗಕ್ಕೆ ಒಂದಷ್ಟು, ಊಟಕ್ಕೆ ಒಂದಷ್ಟು, ಬ್ಯಾಂಕಿಗೆ ಹದಿಮೂರು. ಉಳಿಯೋದೇನು?

ಹುಡುಗಿ: ಉಳಿಯಲ್ಲ. ನನಗೂ ಮೊದಲೆರಡು ವರ್ಷ ಏನೂ ಉಳೀಲಿಲ್ಲ. ಆದ್ರೆ ನೀವು ಲೆಕ್ಕದ ಒಂದು ಸಾಲು ಬಿಟ್ಟಿರಿ. ಮನೆ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದ ಒಳಗಿದ್ದು, ಮಾನ್ಯತೆ ಇರೋ ಕಾಲೇಜಿನಲ್ಲಿ ವೃತ್ತಿಪರ ಕೋರ್ಸು ಸೇರಿದ್ರೆ ಓದೋ ಕಾಲದ ಬಡ್ಡಿಯನ್ನ ಕೇಂದ್ರ ಸರ್ಕಾರವೇ ಕಟ್ಟುತ್ತೆ. 2009ರಿಂದ ಆ ಬಡ್ಡಿ ಸಹಾಯಧನ ಇದೆ. ಅದು ಸಿಕ್ಕರೆ ಹತ್ತು ಲಕ್ಷ ಅನ್ನೋದು ಮತ್ತೆ ಏಳೂವರೆಗೆ ಇಳಿಯುತ್ತೆ. ತಿಂಗಳಿಗೆ ಹತ್ತು ಸಾವಿರ ಕಟ್ಟಿದ್ರೆ ಹತ್ತು ವರ್ಷಕ್ಕೆ ಮುಗೀತು.

ಮೇಷ್ಟ್ರು: ಸಿಕ್ಕರೆ.

ಹುಡುಗಿ: ಸಿಗಬೇಕಾದ್ರೆ ಸಾಲ ಮಂಜೂರು ಮಾಡಿಸಿಕೊಳ್ಳೋವಾಗಲೇ ಆದಾಯ ಪ್ರಮಾಣಪತ್ರ ಕೊಟ್ಟು, ಬಡ್ಡಿ ಸಹಾಯಧನದ ಅರ್ಜಿ ಹಾಕಿಸಬೇಕು. ನನ್ನ ಜೊತೆ ಓದಿದ ಎಷ್ಟೋ ಜನಕ್ಕೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಬ್ಯಾಂಕಿನವರೂ ಬಾಯಿ ಬಿಡಲಿಲ್ಲ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮುಂದೆ ಅವರು ಆಡಿದ ಮಾತಿನಲ್ಲಿ ಲೆಕ್ಕಕ್ಕಿಂತ ಹೆಚ್ಚಿನದೊಂದು ಸಂಕಟವಿತ್ತು.

ಮೇಷ್ಟ್ರು: ನಾನು ಓದಿದ್ದು ಹೇಗೆ ಅಂತ ನಿಂಗೆ ಗೊತ್ತು. ಸಿದ್ಧಗಂಗೆಯಲ್ಲಿ ಊಟ, ಅಲ್ಲೇ ವಾಸ. ನನ್ನ ಅಪ್ಪ ಒಂದು ಕಾಸು ಕೊಡಲಿಲ್ಲ, ಕೊಡೋಕೆ ಇರಲೂ ಇಲ್ಲ. ಶಿವಕುಮಾರ ಸ್ವಾಮಿಗಳು ಯಾವ ಹುಡುಗನಿಗೂ ನೀನು ಮುಂದೆ ಎಷ್ಟು ವಾಪಸ್ ಕೊಡ್ತೀಯ ಅಂತ ಕೇಳಿದವರಲ್ಲ. ಸಾವಿರಾರು ಹುಡುಗರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ವಿ. ನಮ್ಮ ಹಿಂದಿನ ತಲೆಮಾರಿನವರು ವಾರಾನ್ನ ಮಾಡಿಕೊಂಡು ಓದಿದರು, ದಿನಕ್ಕೊಂದು ಮನೆ. ಕೆಲಸ ಸಿಕ್ಕ ಮೇಲೆ ನಾವೂ ಯಾರನ್ನೋ ಓದಿಸಿದ್ವಿ. ನಾನು ಈಗಲೂ ಇಬ್ಬರ ಫೀಸು ಕಟ್ತೀನಿ. ಓದು ಅನ್ನೋದು ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬರ್ತಿತ್ತು. ಅದನ್ನ ನೀವು ಬ್ಯಾಂಕಿನ ಕೌಂಟರಿಗೆ ತಂದು ನಿಲ್ಲಿಸಿದ್ದೀರಿ.

ಹುಡುಗಿ: ಸಿದ್ಧಗಂಗೆ ಬಗ್ಗೆ ನಂಗೂ ಅಷ್ಟೇ ಗೌರವ ಇದೆ ಮಾವ. ಅಲ್ಲಿ ಜಾತಿ ಕೇಳಲಿಲ್ಲ ಅನ್ನೋದೂ ನಿಜ. ಆದ್ರೆ ನಾಡಿನ ತುಂಬ ಸಿದ್ಧಗಂಗೆಗಳಿರಲಿಲ್ಲ. ಬಹುಪಾಲು ವಿದ್ಯಾರ್ಥಿನಿಲಯಗಳನ್ನ ಕಟ್ಟಿದ್ದು ಒಂದೊಂದು ಸಮುದಾಯದ ಸಂಘ. ದೊಡ್ಡ ಸಮುದಾಯಕ್ಕೆ ದೊಡ್ಡ ಹಾಸ್ಟೆಲ್ಲು. ನನ್ನ ರೂಮಿನಲ್ಲಿ ಒಬ್ಬಳಿದ್ದಳು, ಅಲೆಮಾರಿ ಸಮುದಾಯದವಳು. ಅವಳ ಜನಕ್ಕೆ ಬೆಂಗಳೂರಲ್ಲಿ ಮಠವೂ ಇಲ್ಲ, ಸಂಘವೂ ಇಲ್ಲ, ಶಿಫಾರಸು ಪತ್ರ ಕೊಡೋ ಒಬ್ಬ ಶಾಸಕನೂ ಇಲ್ಲ. ನೀವು ಹೇಳೋ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಅನ್ನೋ ಸಾಲು ಅವಳ ತನಕ ಬರಲೇ ಇಲ್ಲ.

ಮೇಷ್ಟ್ರು: ಅದಕ್ಕೇ ದೇವರಾಜ ಅರಸರ ಕಾಲದಲ್ಲಿ ಹಿಂದುಳಿದವರ ಹಾಸ್ಟೆಲ್‌ಗಳು ಬಂದಿದ್ದು. ಅದಕ್ಕೇ ಸರ್ಕಾರ ಅನ್ನೋದು ಇರೋದು. ಮಠ ಮಾಡಿದ್ದನ್ನ ಸರ್ಕಾರ ಮಾಡಲಿ ಅಂತೀನಿ ನಾನು, ಬ್ಯಾಂಕು ಮಾಡಲಿ ಅನ್ನಲ್ಲ. ಅಂಬೇಡ್ಕರ್ ಓದಿದ್ದೂ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ. 1913ರಲ್ಲಿ ಮಹಾರಾಜರು ತಿಂಗಳಿಗೆ ಹನ್ನೊಂದೂವರೆ ಪೌಂಡ್ ಕೊಟ್ಟು ಕೊಲಂಬಿಯಾಕ್ಕೆ ಕಳಿಸದಿದ್ದರೆ ಏನಾಗ್ತಿತ್ತು ಯೋಚನೆ ಮಾಡು. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾಗಿದ್ದೂ ಅವರ ಒತ್ತಾಯದಿಂದಲೇ. ತಾನು ಪಡೆದದ್ದನ್ನ ಸಾವಿರಾರು ಮಕ್ಕಳಿಗೆ ಸಿಗೋ ಹಾಗೆ ಮಾಡಿದರು.

ಹುಡುಗಿ: ಆ ಕಥೆಯ ಮುಂದಿನ ಭಾಗ ನಾನು ಹೇಳ್ತೀನಿ. ಆ ವಿದ್ಯಾರ್ಥಿವೇತನಕ್ಕೆ ಹತ್ತು ವರ್ಷ ಬರೋಡಾದಲ್ಲಿ ಕೆಲಸ ಮಾಡಬೇಕು ಅನ್ನೋ ಕರಾರಿತ್ತು. 1917ರಲ್ಲಿ ಅದರ ಅವಧಿ ಮುಗೀತು, ಲಂಡನ್ ಓದು ಅರ್ಧಕ್ಕೆ ಬಿಟ್ಟು ವಾಪಸ್ ಬಂದರು. ಬರೋಡಾದಲ್ಲಿ ಕೆಲಸಕ್ಕೆ ಹೋದರೆ ಇರೋಕೆ ಒಂದು ಮನೆ ಸಿಗಲಿಲ್ಲ. ಮತ್ತೆ ಲಂಡನ್ನಿಗೆ ಹೋಗಿದ್ದು 1920ರಲ್ಲಿ, ತಮ್ಮ ಸಂಬಳದ ಉಳಿತಾಯ, ಶಾಹು ಮಹಾರಾಜರ ನೆರವು, ಒಬ್ಬ ಪಾರ್ಸಿ ಗೆಳೆಯ ಕೊಟ್ಟ ಸಾಲ, ಇಷ್ಟನ್ನೂ ಸೇರಿಸಿಕೊಂಡು. ಡಿ.ಎಸ್‌ಸಿ. ಮುಗಿಸಿದ್ದು ಆ ದುಡ್ಡಿನಲ್ಲಿ. ನೀವು ದಾನದ ಕಡೆಗೆ ಅವರನ್ನ ಎಳೀತೀರಿ, ನಾನು ಸಾಲದ ಕಡೆಗೆ ಎಳೀಬಹುದು. ಅವರಿಗೆ ಎರಡೂ ಬೇಕಾಗಿತ್ತು. ನಡುವೆ ದುಡ್ಡು ನಿಂತಿದ್ದಕ್ಕೆ ಮೂರು ವರ್ಷ ಹೋಯ್ತು, ಅದೇ ನನಗೆ ಕಾಡೋದು.

ಮೇಷ್ಟ್ರು: ಒಪ್ಪಿದೆ. ಆದ್ರೆ ಗೆಳೆಯ ಕೊಟ್ಟ ಸಾಲಕ್ಕೂ ನಿಮ್ಮ ಬ್ಯಾಂಕಿನ ಸಾಲಕ್ಕೂ ಅಜಗಜಾಂತರ.

ಹುಡುಗಿ: ಸಾಲ ಅಂದ ತಕ್ಷಣ ಬಡ್ಡಿ ವ್ಯಾಪಾರ ಅಂತ ಯಾಕೆ ಅಂದ್ಕೊಳ್ತೀರಿ? ಜೆ.ಎನ್. ಟಾಟಾ 1892ರಲ್ಲೇ ವಿದೇಶದಲ್ಲಿ ಓದೋರಿಗೆ ನಿಧಿ ಇಟ್ಟರು. ಪುಕ್ಕಟೆ ಕೊಡಲಿಲ್ಲ, ಸಾಲವಾಗಿ ಕೊಟ್ಟರು. ಒಬ್ಬರು ವಾಪಸ್ ಕೊಟ್ಟ ದುಡ್ಡು ಮುಂದಿನವರಿಗೆ ಹೋಯ್ತು. ಕೆ.ಆರ್. ನಾರಾಯಣನ್ ಆ ನಿಧಿಯಿಂದ ಲಂಡನ್ನಿನಲ್ಲಿ ಓದಿ ಬಂದವರು. ಸಾಲ ತೀರಿಸಿದವನಿಗೆ ಯಾರ ಮುಂದೂ ತಲೆ ತಗ್ಗಿಸೋ ಪ್ರಸಂಗ ಇರಲ್ಲ. ನನ್ನ ಫೀಸು ಕಟ್ಟಿದ ದೊಡ್ಡ ಮನುಷ್ಯರು ಯಾರಾದ್ರೂ ಇದ್ದಿದ್ರೆ ನನ್ನ ಮದುವೆ ವಿಷಯದಲ್ಲೂ ಅವರ ಮಾತು ಬರ್ತಿತ್ತು. ಬ್ಯಾಂಕು ಕಂತು ಬಿಟ್ಟು ಇನ್ನೇನೂ ಕೇಳಿಲ್ಲ.

ಮೇಷ್ಟ್ರು: ಕೇಳಿದೆ ಕಣಮ್ಮ. ನಿಂಗೆ ಗೊತ್ತಾಗದ ಹಾಗೆ ಕೇಳಿದೆ. ಬಿ.ಎಸ್‌ಸಿ. ಮಾಡಿ ಗಣಿತದಲ್ಲಿ ಎಂ.ಎಸ್‌ಸಿ. ಮಾಡ್ತೀನಿ ಅಂತ ಕುಣೀತಿದ್ದವಳು ಯಾರು? ಪಿಯುಸಿಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ತೆಗೆದವಳು ಯಾರು?

ಹುಡುಗಿ ಈ ಪ್ರಶ್ನೆಗೆ ತಕ್ಷಣ ಉತ್ತರ ಕೊಡಲಿಲ್ಲ. ಕೊಟ್ಟ ಉತ್ತರ ಪ್ರಾಮಾಣಿಕವಾಗಿತ್ತು.

ಹುಡುಗಿ: ಕಾಗದದ ಮೇಲೆ ಬಿ.ಎಸ್‌ಸಿ.ಗೂ ಸಾಲ ಇದೆ, ಎಂ.ಎ.ಗೂ ಇದೆ. ಮ್ಯಾನೇಜರ್ ಕೇಳೋ ಮೊದಲ ಪ್ರಶ್ನೆ ಮಾತ್ರ ಕೋರ್ಸು ಮುಗಿದ ಮೇಲೆ ಕೆಲಸ ಎಲ್ಲಿ ಅಂತ. ಗಣಿತ ಅಂದ್ರೆ ಅವರ ಮುಖ ಗಂಭೀರ ಆಗುತ್ತೆ. ಎಂಜಿನಿಯರಿಂಗ್ ಅಂದ್ರೆ ಫಾರಂ ಕೊಡ್ತಾರೆ. ನಾನು ಫಾರಂ ಸಿಗೋ ಕಡೆ ಹೋದೆ. ಕೆಲಸ ಸಿಕ್ಕ ಮೇಲೂ ಎಂ.ಎಸ್‌ಸಿ.ಗೆ ಹೋಗೋ ಆಸೆ ಇತ್ತು. ಕಂತು ಇದ್ದಿದ್ದರಿಂದ ಹೋಗಲಿಲ್ಲ. ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ.

ಮೇಷ್ಟ್ರು: ನಾನು ಕನ್ನಡ ಓದಿದೆ. ಇವತ್ತಿನ ಲೆಕ್ಕದಲ್ಲಿ ನನಗೆ ಯಾವ ಬ್ಯಾಂಕು ಸಾಲ ಕೊಡ್ತಿತ್ತು ಹೇಳು? ಮರಳಿ ಬರೋ ದುಡ್ಡಿನ ಮೇಲೆ ಓದು ನಿಂತರೆ ಚರಿತ್ರೆ, ಭಾಷೆ, ಶುದ್ಧ ವಿಜ್ಞಾನ ಇವೆಲ್ಲ ಇದ್ದವರ ಮನೆ ಮಕ್ಕಳ ಪಾಲಾಗುತ್ತೆ. ಬಡವರ ಮಕ್ಕಳು ಬೇಗ ಸಂಬಳ ಬರೋದನ್ನಷ್ಟೇ ಓದಬೇಕು. ಇದು ಯಾವ ನ್ಯಾಯ?

ಹುಡುಗಿ: ನ್ಯಾಯ ಅಲ್ಲ. ಆದ್ರೆ ಇದಕ್ಕೆ ನಿಮ್ಮ ಪರಿಹಾರ ಏನು? ಸರ್ಕಾರಿ ಕಾಲೇಜು. ಅದನ್ನೂ ನೋಡೋಣ. ನೀವು ನಿವೃತ್ತರಾದ ಕಾಲೇಜಿನಲ್ಲಿ ನಿಮ್ಮ ಜಾಗಕ್ಕೆ ಕಾಯಂ ಉಪನ್ಯಾಸಕರು ಬಂದರಾ?

ಮೇಷ್ಟ್ರು: ಇಲ್ಲ. ಅತಿಥಿ ಉಪನ್ಯಾಸಕರೇ ನಡೆಸ್ತಿದ್ದಾರೆ.

ಹುಡುಗಿ: ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ಅವರು ಮುಷ್ಕರ ಕೂತರೆ ಪಾಠವೇ ಇಲ್ಲ. ಫೀಸು ಕಡಿಮೆ ಅನ್ನೋದು ನಿಜ, ಆದ್ರೆ ಪಾಠ ಇಲ್ಲದ ಕಾಲೇಜಿನಲ್ಲಿ ಮೂರು ವರ್ಷ ಕಳೆದು ಆಮೇಲೆ ಯುವನಿಧಿಯ ಮೂರು ಸಾವಿರಕ್ಕೆ ಅರ್ಜಿ ಹಾಕೋದೂ ಒಂದು ನಷ್ಟವೇ. ಆ ನಷ್ಟಕ್ಕೆ ಯಾರೂ ರಸೀದಿ ಕೊಡಲ್ಲ.

ಮೇಷ್ಟ್ರು: ಅದಕ್ಕೆ ಕಾರಣ ಇದೆ. ಫೀಸಿನ ವಿಷಯದಲ್ಲಿ ಈ ದೇಶದ ದೊಡ್ಡ ಮೊಕದ್ದಮೆಗಳು ಹುಟ್ಟಿದ್ದು ನಮ್ಮ ರಾಜ್ಯದಲ್ಲೇ. ಮೀರತ್ತಿನ ಮೋಹಿನಿ ಜೈನ್ ನಮ್ಮ ತುಮಕೂರಿಗೆ ಎಂ.ಬಿ.ಬಿ.ಎಸ್. ಓದೋಕೆ ಬಂದಾಗ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಸರ್ಕಾರಿ ಸೀಟು ಸಿಗದ ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000 ಅಂತ ಸರ್ಕಾರವೇ ಅಧಿಸೂಚನೆ ಹೊರಡಿಸಿತ್ತು. 1992ರಲ್ಲಿ ಸುಪ್ರೀಂ ಕೋರ್ಟು ಅದನ್ನ ಹೊಡೆದುಹಾಕಿ ಓದು ಹಕ್ಕು ಅಂತ ಹೇಳಿತು. ಮಾರನೇ ವರ್ಷವೇ ಆ ಹಕ್ಕನ್ನ ಹದಿನಾಲ್ಕು ವರ್ಷದ ತನಕ ಅಂತ ಮೊಟಕು ಮಾಡಿದರು. 2002ರಲ್ಲಿ ಟಿ.ಎಂ.ಎ. ಪೈ ಫೌಂಡೇಶನ್ ಮತ್ತು ಕರ್ನಾಟಕ ಸರ್ಕಾರದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಖಾಸಗಿ ಕಾಲೇಜು ತನ್ನ ಫೀಸು ತಾನೇ ಗೊತ್ತು ಮಾಡಬಹುದು, ಲೂಟಿ ಮಾತ್ರ ಕೂಡದು ಅಂದಿತು. ಅಲ್ಲಿಂದ ಸರ್ಕಾರ ಮೆಲ್ಲಗೆ ಹಿಂದೆ ಸರೀತು. ಕಾಲೇಜು ಕಟ್ಟೋದನ್ನ ಖಾಸಗಿಯವರಿಗೆ ಬಿಟ್ಟಿತು, ಫೀಸು ಕಟ್ಟೋದನ್ನ ಬ್ಯಾಂಕಿಗೆ ಬಿಟ್ಟಿತು. ಸಾಲ ಸುಲಭವಾಗಿ ಸಿಗ್ತಾ ಹೋದಷ್ಟೂ ಫೀಸು ಏರಿಸೋನಿಗೆ ಧೈರ್ಯ. ನೀವೆಲ್ಲ ಸಾಲಕ್ಕೆ ಸಾಲು ನಿಂತರೆ ಸರ್ಕಾರಿ ಕಾಲೇಜಿಗೆ ಮೇಷ್ಟ್ರು ಕೊಡಿ ಅಂತ ಕೇಳೋರು ಯಾರು?

ಹುಡುಗಿ: ಕೇಳೋಣ. ಆದ್ರೆ ತಮ್ಮನಿಗೆ ಈ ವರ್ಷವೇ ಸೀಟು ಬೇಕು. ಸರ್ಕಾರ ಸರಿಹೋಗೋ ತನಕ ಅವನು ಪಿಯುಸಿಯಲ್ಲೇ ಕೂತಿರೋಕೆ ಆಗಲ್ಲ. ಇನ್ನೊಂದು ಮಾತು. ಸರ್ಕಾರ ಪೂರ್ತಿ ಹಿಂದೆ ಸರಿದಿಲ್ಲ. ದುಡ್ಡು ಇದೆ, ಹತ್ತು ಕಡೆ ಹರಿದು ಹಂಚಿಹೋಗಿದೆ. ನಾನು ಒಂದು ಪಟ್ಟಿ ಮಾಡಿದ್ದೀನಿ.

ಅವಳು ಹೇಳಿದ್ದನ್ನು ಇಲ್ಲಿ ನಾನು ಕೂಡಿಸಿ ಬರೆಯುತ್ತೇನೆ, ಓದುವ ತಾಯ್ತಂದೆಯರಿಗೆ ಉಪಯೋಗಕ್ಕೆ ಬರಬಹುದು. ಮನೆಯ ಆದಾಯ ಎಂಟು ಲಕ್ಷದೊಳಗಿದ್ದರೆ ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಎಂಬ ಕೋಟಾದಲ್ಲಿ ಶೇ 5ರಷ್ಟು ಹೆಚ್ಚುವರಿ ಸೀಟುಗಳಿವೆ. ಅಲ್ಲಿ ಬೋಧನಾ ಶುಲ್ಕವಿಲ್ಲ. ಅದನ್ನು ಸಿಇಟಿ ಅರ್ಜಿಯಲ್ಲೇ ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಕೊಟ್ಟು ಕೇಳಿಕೊಂಡಿರಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ಊಟ ವಸತಿಗೆಂದು ತಿಂಗಳಿಗೆ ಇಷ್ಟೆಂದು ಹತ್ತು ತಿಂಗಳು ಕೊಡುತ್ತಾರೆ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ಅರಿವು ಸಾಲ ಸಿಇಟಿ ಮೂಲಕ ವೃತ್ತಿಪರ ಕೋರ್ಸು ಸೇರಿದವರಿಗೆ, ಬಡ್ಡಿ ಶೇ 2 ಮಾತ್ರ. ರೈತರ ಮಕ್ಕಳಿಗೆಂದು 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗನಿಗೆ ವರ್ಷಕ್ಕೆ 10,000, ಹುಡುಗಿಗೆ 11,000 ಎಂದು ಗೊತ್ತು ಮಾಡಿದ್ದರು. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಅವರ ಕಲ್ಯಾಣ ಮಂಡಳಿಯ ಸಹಾಯಧನ ಬೇರೆ. ಹತ್ತನೆಯದನ್ನೂ ಪಿಯುಸಿಯನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲೇ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತಿದೆ. ಈ ದುಡ್ಡು ಕೋರ್ಸು ಮುಗಿಯುವ ತನಕ ಬರುವಂಥದು, ಎಂಜಿನಿಯರಿಂಗ್ ಅಲ್ಲದ ಪದವಿಗೂ ಉಂಟು.

ಮೇಷ್ಟ್ರು: ಇಷ್ಟೆಲ್ಲ ಇದ್ದೂ ನೀನು ಓದೋವಾಗ ನಿಮ್ಮಮ್ಮ ಯಾಕೆ ಎರಡೆಳೆ ಸರ ಅಡ ಇಟ್ಟಳು?

ಹುಡುಗಿ: ಫೀಸು ಕಟ್ಟೋ ದಿನ ಇವ್ಯಾವೂ ಕೈಯಲ್ಲಿ ಇರಲಿಲ್ಲ. ಸೀಟು ಸಿಕ್ಕ ಮೇಲೆ ಫೀಸು ಕಟ್ಟೋಕೆ ಸಿಗೋದು ಕೆಲವೇ ದಿನ. ನನ್ನ ವಿದ್ಯಾಸಿರಿ ದುಡ್ಡು ಬಂದಿದ್ದು ಮುಂದಿನ ಮಾರ್ಚಿನಲ್ಲಿ. ಅದೂ ನನ್ನ ಖಾತೆಗೆ ಬರಲಿಲ್ಲ. ಸಿಮ್ ತಗೊಳ್ಳೋವಾಗ ಅಂಗಡಿಯವನು ಬೆರಳು ಒತ್ತಿಸಿಕೊಂಡು ಒಂದು ಖಾತೆ ತೆಗೆದಿದ್ದ. ಆಧಾರ್ ಜೋಡಣೆ ಅದಕ್ಕೆ ಆಗಿತ್ತು, ದುಡ್ಡು ಅಲ್ಲಿಗೆ ಹೋಗಿ ಕೂತಿತ್ತು. ಹುಡುಕಿ ತೆಗೆಯೋ ಹೊತ್ತಿಗೆ ವರ್ಷದ ಪರೀಕ್ಷೆಯೇ ಬಂತು. ಅಷ್ಟು ದಿನ ಸರದ ಮೇಲಿನ ಬಡ್ಡಿ ಓಡ್ತಿತ್ತು.

ಮೇಷ್ಟ್ರು: ಅವತ್ತು ನನ್ನ ಹತ್ತಿರ ಯಾಕೆ ಬರಲಿಲ್ಲ?

ಹುಡುಗಿ: ಅಪ್ಪ ಒಪ್ಪಲಿಲ್ಲ. ಹೆಂಡತಿ ತವರಿನಿಂದ ದುಡ್ಡು ತಂದ ಅನ್ನಿಸಿಕೊಳ್ಳೋದು ಅವರಿಗೆ ಬೇಡವಾಗಿತ್ತು. ಕೊಡೋ ಮನಸ್ಸು ನಿಮಗಿತ್ತು, ತಗೊಳ್ಳೋ ಧೈರ್ಯ ನಮಗಿರಲಿಲ್ಲ. ಅದಕ್ಕೇ ನಾನು ಬ್ಯಾಂಕು ಅನ್ನೋದು.

ನನ್ನ ಅನಿಸಿಕೆಯಲ್ಲಿ ಈ ಇಡೀ ವಾದದ ನರ ಇರುವುದು ಇಲ್ಲೇ. ವಿದ್ಯಾರ್ಥಿವೇತನ ಎಷ್ಟು ಎಂದು ನಾವು ವಿಧಾನಸಭೆಯಲ್ಲೂ ಪತ್ರಿಕೆಗಳಲ್ಲೂ ಮಾತಾಡುತ್ತೇವೆ. ಯಾವಾಗ ಎಂದು ಯಾರೂ ಕೇಳುವುದಿಲ್ಲ. ಫೀಸು ಕಟ್ಟುವ ದಿನಕ್ಕೂ ನೆರವು ಬರುವ ದಿನಕ್ಕೂ ನಡುವೆ ಇರುವ ಏಳೆಂಟು ತಿಂಗಳನ್ನು ತುಂಬುವುದು ತಾಯಿಯ ಒಡವೆ, ಊರ ಲೇವಾದೇವಿಗಾರ, ಮೈಕ್ರೋಫೈನಾನ್ಸ್ ಸಂಘದ ವಾರದ ಕಂತು. ಆ ಬಡ್ಡಿ ಯಾವ ಇಲಾಖೆಯ ಲೆಕ್ಕದಲ್ಲೂ ಶಿಕ್ಷಣದ ವೆಚ್ಚವಾಗಿ ಸೇರುವುದಿಲ್ಲ. ಬಡವರು ಓದಿಗೆ ಕೊಡುವ ನಿಜವಾದ ಹೆಚ್ಚುವರಿ ಶುಲ್ಕ ಅದು. ಸೀಟು ಹಂಚುವ ಪ್ರಾಧಿಕಾರದ ಬಳಿ ವಿದ್ಯಾರ್ಥಿಯ ಜಾತಿ, ಆದಾಯ, ಆಧಾರ್ ಎಲ್ಲವೂ ಇದೆ. ಅದೇ ವಿವರ ಮತ್ತೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ತುಂಬಿ, ಇ-ದೃಢೀಕರಣ ಮಾಡಿಸಿ, ತಿಂಗಳುಗಟ್ಟಲೆ ಕಾಯಬೇಕಾದ ಅಗತ್ಯವೇನು ಎಂಬುದು ನನಗೆ ಅರ್ಥವಾಗುವುದಿಲ್ಲ. ಸೀಟಿನ ಆದೇಶದಲ್ಲೇ ಸರ್ಕಾರ ಕೊಡುವುದನ್ನು ಕಳೆದು ಉಳಿದದ್ದನ್ನಷ್ಟೇ ಕಟ್ಟಿಸಿಕೊಂಡರೆ ಎಷ್ಟೋ ಸರಗಳು ಕೊರಳಲ್ಲೇ ಇರುತ್ತವೆ.

ಮೇಷ್ಟ್ರು: ಹಾಗಾದ್ರೆ ಬ್ಯಾಂಕು ಸರಿಯಾದ ಸಮಯಕ್ಕೆ ಕೊಡುತ್ತಾ? ನಿಮ್ಮಪ್ಪನ ಬೆಳೆ ಸಾಲ ಒಂದು ಸಲ ಸುಸ್ತಿ ಆಗಿತ್ತಲ್ಲ. ಸಹ ಸಾಲಗಾರ ಅಂತ ಸಹಿ ಹಾಕಬೇಕಾದವನು ಅವನೇ. ಸಿಬಿಲ್ ನೋಡ್ತಾರೆ, ಪಹಣಿ ಕೇಳ್ತಾರೆ.

ಹುಡುಗಿ: ಏಳೂವರೆ ಲಕ್ಷದ ತನಕ ಸರ್ಕಾರದ ಸಾಲ ಖಾತರಿ ನಿಧಿ ಇದೆ, ಆಸ್ತಿ ಅಡಮಾನ ಕೇಳೋ ಹಾಗಿಲ್ಲ. ಆದ್ರೂ ನನಗೆ ಪಹಣಿ ಕೇಳಿದ್ದರು ಅನ್ನೋದು ನಿಜ. ಸಿಬಿಲ್ ಸ್ಕೋರು ಕಡಿಮೆ ಅನ್ನೋ ಒಂದೇ ಕಾರಣಕ್ಕೆ ಶಿಕ್ಷಣ ಸಾಲ ತಿರಸ್ಕರಿಸಬಾರದು ಅಂತ ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ. ಅದನ್ನ ಹಿಡ್ಕೊಂಡು ಹಳ್ಳಿ ಹುಡುಗ ಕೌಂಟರಿನಲ್ಲಿ ವಾದ ಮಾಡ್ತಾನಾ ಅಂದ್ರೆ ಇಲ್ಲ. ನಾನು ಜೊತೆಗೆ ಹೋಗ್ತೀನಿ.

ಮೇಷ್ಟ್ರು: ಹೊಸದಾಗಿ ವಿದ್ಯಾಲಕ್ಷ್ಮಿ ಅಂತ ಬಂದಿದೆಯಲ್ಲ, ಅದರಲ್ಲಿ ಜಾಮೀನೇ ಬೇಡವಂತೆ.

ಹುಡುಗಿ: ಬೇಡ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು. ಎಂಟು ಲಕ್ಷದೊಳಗೆ ಆದಾಯ ಇದ್ದವರಿಗೆ ಹತ್ತು ಲಕ್ಷದ ತನಕದ ಸಾಲಕ್ಕೆ ಓದೋ ಕಾಲದ ಬಡ್ಡಿಯಲ್ಲಿ ಶೇ 3 ವಿನಾಯಿತಿ. ಆದ್ರೆ ಅದು ದೇಶದ ಒಳ್ಳೆ ಕಾಲೇಜುಗಳ ಪಟ್ಟಿಗೆ ಮಾತ್ರ, ಆಗ 860 ಅಂತ ಹೇಳಿದ್ದರು. ತಮ್ಮನ ರ್‍ಯಾಂಕಿಗೆ ಆ ಪಟ್ಟಿಯ ಕಾಲೇಜು ಸಿಗೋದು ಕಷ್ಟ.

ಮೇಷ್ಟ್ರು: ನೋಡು, ಅಲ್ಲೂ ಮುಂದಿರೋನಿಗೇ ಮಣೆ. ಹಿಂದೆ ಬಿದ್ದವನಿಗೆ ಜಾಸ್ತಿ ಬಡ್ಡಿ. ಮಠದ ಪಂಕ್ತಿಯಲ್ಲಿ ರ್‍ಯಾಂಕು ಕೇಳಿ ಬಡಿಸ್ತಿರಲಿಲ್ಲ.

ಹುಡುಗಿ: ಆ ಮಾತು ಒಪ್ತೀನಿ. ನನಗೆ ಸಾಲದ ಮೇಲೆ ಮೋಹ ಇಲ್ಲ ಮಾವ. ಆಸ್ಟ್ರೇಲಿಯಾದಲ್ಲಿ 1989ರಿಂದ ಒಂದು ಪದ್ಧತಿ ಇದೆ. ಓದೋವಾಗ ಸರ್ಕಾರ ಫೀಸು ಕಟ್ಟುತ್ತೆ. ಓದಿದವನ ಸಂಬಳ ಒಂದು ಮಟ್ಟ ದಾಟಿದ ಮೇಲಷ್ಟೇ ತೆರಿಗೆ ಜೊತೆ ಸ್ವಲ್ಪ ಸ್ವಲ್ಪ ಹಿಡ್ಕೊಳ್ತಾರೆ. ಕೆಲಸ ಹೋದರೆ ಕಂತೂ ನಿಲ್ಲುತ್ತೆ. ಸಾಲ ಅನ್ನೋದಾದ್ರೆ ಹಾಗಿರಬೇಕು. ನಮ್ಮಲ್ಲಿ ಕೆಲಸ ಸಿಗಲಿ ಬಿಡಲಿ, ಒಂದು ವರ್ಷ ಕಳೆದ ಮೇಲೆ ಕಂತು ಶುರು.

ಮೇಷ್ಟ್ರು: ಅದು ಒಳ್ಳೇದು. ಮೇಷ್ಟ್ರಾದವನು ಕಮ್ಮಿ ಕೊಡ್ತಾನೆ, ಕಂಪನಿ ಸೇರಿದವನು ಬೇಗ ತೀರಿಸ್ತಾನೆ. ಆದ್ರೆ ನಮ್ಮಲ್ಲಿ ಸಂಬಳದ ಚೀಟಿಯೇ ಇಲ್ಲದೆ ದುಡಿಯೋರು ಎಷ್ಟು ಜನ. ಅವರಿಂದ ಹೇಗೆ ಹಿಡ್ಕೊಳ್ತಾರೆ?

ಹುಡುಗಿ: ಗೊತ್ತಿಲ್ಲ. ಯೋಚನೆ ಮಾಡಬೇಕಾದವರು ಯೋಚನೆ ಮಾಡಲಿ.

ಮೇಷ್ಟ್ರು: ಈಗ ತಮ್ಮನ ವಿಷಯಕ್ಕೆ ಬಾ. ನಾನು ಒಂದೇ ಮಾತು ಹೇಳೋದು. ಬ್ಯಾಂಕಿನ ಮಂಜೂರಾತಿ ಪತ್ರ ಕೈಗೆ ಬಂದ ಮೇಲಷ್ಟೇ ಅವನು ಬೆಂಗಳೂರಿನ ಸೀಟಿಗೆ ಒಪ್ಪಿಗೆ ಕೊಡಲಿ. ಅಲ್ಲಿ ತನಕ ಹಾಸನವೇ ಇರಲಿ.

ಹುಡುಗಿ: ಮಂಜೂರು ಮಾಡೋಕೆ ಬ್ಯಾಂಕಿನವರು ಸೀಟಿನ ಪತ್ರ ಕೇಳ್ತಾರೆ. ಸೀಟು ಉಳಿಸಿಕೊಳ್ಳೋಕೆ ಫೀಸು ಮೊದಲೇ ಕಟ್ಟಬೇಕು.

ಮೇಷ್ಟ್ರು: ಮತ್ತೆ ಹೇಗೆ ಮಾಡ್ತಾರೆ ಎಲ್ಲರೂ?

ಹುಡುಗಿ: ಮೊದಲ ಕಂತು ಎಲ್ಲಿಂದಾದ್ರೂ ತಂದು ಕಟ್ತಾರೆ. ಅಮ್ಮನ ಸರ ಹೋಗಿದ್ದು ಹಾಗೇ.

ಮೇಷ್ಟ್ರು: ಆ ಮೊದಲ ಕಂತು ನಾನು ಕಟ್ತೀನಿ. ನಿಮ್ಮಪ್ಪನಿಗೆ ನಾನೇ ಹೇಳ್ತೀನಿ. ದಾನ ಅಂತಲ್ಲ, ಕೈಗಡ. ಬ್ಯಾಂಕಿನಿಂದ ಬಂದ ದಿನ ವಾಪಸ್ ಕೊಡಲಿ.

ಹುಡುಗಿ: ಬ್ಯಾಂಕು ದುಡ್ಡನ್ನ ನೇರ ಕಾಲೇಜಿನ ಖಾತೆಗೆ ಹಾಕುತ್ತೆ ಮಾವ. ನಾವು ಮೊದಲೇ ಕಟ್ಟಿದ್ದನ್ನ ರಸೀದಿ ತೋರಿಸಿ ವಾಪಸ್ ತಗೋಬೇಕು ಅಂದ್ರೆ, ಹಾಗೆ ಕೊಡ್ತೀವಿ ಅಂತ ಮಂಜೂರಾತಿ ಪತ್ರದಲ್ಲೇ ಬರೆಸಿಕೊಂಡಿರಬೇಕು. ಸೋಮವಾರ ಮ್ಯಾನೇಜರ್ ಹತ್ತಿರ ಮೊದಲು ಅದನ್ನೇ ಕೇಳ್ತೀನಿ. ಬಡ್ಡಿ ಸಹಾಯಧನದ ಅರ್ಜಿಯನ್ನೂ ಅವತ್ತೇ ಕೊಡ್ತೀನಿ.

ಮೇಷ್ಟ್ರು: ನಾನೂ ಬರ್ತೀನಿ. ಅರಿವು ಸಾಲಕ್ಕೂ ಅರ್ಜಿ ಹಾಕಿಸು. ಶೇಕಡಾ ಎರಡಕ್ಕೆ ಸಿಕ್ಕಷ್ಟು ಅಲ್ಲಿ ತಗೊಂಡು, ಉಳಿದದ್ದಕ್ಕಷ್ಟೇ ಬ್ಯಾಂಕಿಗೆ ಕೈ ಒಡ್ಡಲಿ. ಆದ್ರೂ ಹಾಸನದಲ್ಲಿ ಸಿವಿಲ್ ಓದಿದರೆ ಸಾಲವೇ ಬೇಡ ಅನ್ನೋ ನನ್ನ ಮಾತನ್ನ ನಾನು ವಾಪಸ್ ತಗೊಂಡಿಲ್ಲ.

ಹುಡುಗಿ: ನಾನೂ ನನ್ನ ಮಾತು ಬಿಟ್ಟಿಲ್ಲ. ಆಪ್ಷನ್ ಎಂಟ್ರಿಯಲ್ಲಿ ಎರಡನ್ನೂ ಹಾಕಿಸ್ತೀನಿ. ಯಾವುದು ಮೇಲೆ, ಯಾವುದು ಕೆಳಗೆ ಅಂತ ಅವನು ಹೇಳಲಿ. ಈ ಲೆಕ್ಕದ ಕಾಗದ ಅವನಿಗೂ ಕೊಡಿ. ಹತ್ತೊಂಬತ್ತೂವರೆ ಅನ್ನೋದನ್ನೂ ನೋಡಲಿ, ಏಳೂವರೆ ಅನ್ನೋದನ್ನೂ ನೋಡಲಿ.